ಅಣ್ಣನ ಮುಖ ಒಯ್ದವರು

ಅವರು ಟೀ ಕುಡಿಯುವುದನ್ನು ಒಮ್ಮೆ ನೋಡಿದವರು ಮತ್ತೆ ಅವರಿಗೆ ಟೀ ಕೊಡುವ ತಪ್ಪು ಮಾಡುತ್ತಿರಲಿಲ್ಲ. ಊಟಿಯ ನಮ್ಮ ಅಂಗಡಿಗೆ ಮೊದಲ ಸಲ ಬಂದ ದಿನ ಚಳಿ ಜಾಸ್ತಿಯಿತ್ತೆಂದು ನಾನೇ ಒಳಗಿನಿಂದ ಒಂದು ಲೋಟ ತಂದುಕೊಟ್ಟೆ. ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಸೊರ್ರೆಂದು ಒಂದು ಗುಟುಕು ಎಳೆದುಕೊಂಡು ಬಾಯೊಳಗೆ ಆಡಿಸಿ, ಮೆಟ್ಟಿಲ ಪಕ್ಕದ ಚರಂಡಿಗೆ ಉಗಿದರು.

"ಡಸ್ಟು. ಅದೂ ಹಳೇದು," ಎಂದರು. ಮಿಕ್ಕ ಟೀಯನ್ನು ಕೌಂಟರಿನ ಗಾಜಿನ ಮೇಲೆ ಹಾಗೇ ಬಿಟ್ಟು, "ಗ್ಲಾಸ್ ಕೇಸು ಮಾಡೋನು ಯಾರು ಇಲ್ಲಿ? ನೀನಂತೂ ಅಲ್ಲ," ಎಂದರು.

ಕೂನೂರು ದಾರಿಯ ಒಂದು ಟೀ ಫ್ಯಾಕ್ಟರಿಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ದಿನಕ್ಕೆ ಎಷ್ಟೋ ಬಟ್ಟಲು ಟೀ ರುಚಿ ನೋಡಿ ಉಗಿದ ಬಾಯಿ ಅದು, ಅಭ್ಯಾಸ ಬಿಟ್ಟಿರಲಿಲ್ಲ. ಮನುಷ್ಯರ ವಿಷಯದಲ್ಲೂ ಹಾಗೇ ಇದ್ದರು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಪ್ರತಿಯೊಂದು ಬೊಂಬೆಯ ಪೀಠದ ಕೆಳಗೂ ಹೆಸರು ಕೊರೆದು ಬರೆಯುತ್ತಿದ್ದ ಮನುಷ್ಯ. ಇಲ್ಲೂ ಬರೆದರೆ ಸತ್ತಮೇಲೂ ಅವರಿಗೆ ಖುಷಿಯಾದೀತು. ಆದರೂ 'ಅವರು' ಅಂತಲೇ ಬರೆಯುತ್ತೇನೆ. ಗಿರಾಕಿಗಳನ್ನು ಏಕವಚನದಲ್ಲಿ ಕರೆಯುವುದನ್ನು ನಮ್ಮಪ್ಪ ನಮಗೆ ಕಲಿಸಿರಲಿಲ್ಲ.

ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು ದೇವರ ಪಟಗಳಿಗೆ ಕಟ್ಟು ಹಾಕುವ ಈ ಅಂಗಡಿ ಇಟ್ಟವರು. ಅಪ್ಪನ ನಂತರ ನಾನು ಮುಂದೆ ಕೂತು ವ್ಯಾಪಾರ ನೋಡಿಕೊಂಡೆ. ಹಿಂದಿನ ಕೋಣೆಯಲ್ಲಿ ಗಾಜು ಕುಯ್ಯುವುದು, ಮರ ಜೋಡಿಸುವುದು ಅಣ್ಣನ ಕೆಲಸ. ಅಣ್ಣ ಮೊದಲು ಮಸಿನಗುಡಿಯಲ್ಲಿ ರೆಸಾರ್ಟಿನ ಜೀಪು ಓಡಿಸುತ್ತಿದ್ದ. ಒಂದು ಬೆಳಗ್ಗೆ ಜೀಪು ಕೆಟ್ಟು ನಿಂತಾಗ ಇಳಿದು ನೀರು ಹುಡುಕಿಕೊಂಡು ಹೋದವನ ಮೇಲೆ ಲಂಟಾನ ಪೊದೆಯಿಂದ ಕರಡಿ ಬಿತ್ತು. ಜೀವ ಉಳಿಯಿತು. ಎಡಗಡೆಯ ಕೆನ್ನೆಯನ್ನು ಡಾಕ್ಟರು ಹೊಲಿದು ಕೂಡಿಸಿದರು. ಕಣ್ಣಿನ ರೆಪ್ಪೆ ಮಾತ್ರ ಕೆಳಕ್ಕೆ ಎಳೆದುಕೊಂಡು ಹಾಗೇ ನಿಂತಿತು. ಅಲ್ಲಿಂದ ಮೇಲೆ ಅಣ್ಣ ಊಟಿಗೆ ಬಂದ. ಊಟಿಯಲ್ಲಿ ಮಫ್ಲರು ಸುತ್ತಿಕೊಂಡರೆ ಯಾಕೆಂದು ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲೂ ಮೂಗಿನ ತನಕ ಸುತ್ತಿಕೊಂಡೇ ಇರುತ್ತಿದ್ದ. ಗಿರಾಕಿಗಳು ಮುಂದೆ ಇದ್ದರೆ ಹಿಂದಿನ ಕೋಣೆಯಿಂದ ಆಚೆ ಬರುತ್ತಿರಲಿಲ್ಲ.

ಅಂದು ಅವರು ನನ್ನನ್ನು ಕೇಳದೆ ಕೌಂಟರಿನ ಹಲಗೆ ಎತ್ತಿ ನೇರ ಹಿಂದಿನ ಕೋಣೆಗೇ ನುಗ್ಗಿದರು.

ಅವರಿಗಿದ್ದ ಹುಚ್ಚು ನೈಟ್‌ಗಳದ್ದು. ನೂರಾರು ವರ್ಷಗಳ ಹಿಂದೆ ಯುರೋಪಿನಿಂದ ಜೆರುಸಲೇಮಿನ ಕಡೆಗೆ, ಶಿಲುಬೆಯ ಹೆಸರು ಹೇಳಿಕೊಂಡು ಯುದ್ಧಕ್ಕೆ ಹೊರಟ ಸವಾರರು. ಮೈತುಂಬ ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ, ಅದರ ಮೇಲೊಂದು ಬಿಳಿ ನಿಲುವಂಗಿ, ಎದೆಗೆ ಕೆಂಪು ಶಿಲುಬೆ, ತಲೆಗೆ ಬೋರಲು ಹಾಕಿದ ಬಕೆಟ್ಟಿನಂಥ ಕಬ್ಬಿಣದ ಟೋಪಿ. ಈ ಬೊಂಬೆಗಳು ಅಂಗೈ ಎತ್ತರಕ್ಕಿದ್ದು ಬಿಡಿಬಿಡಿಯಾಗಿ ಡಬ್ಬದಲ್ಲಿ ವಿದೇಶದಿಂದ ಬರುತ್ತವೆ. ಡಬ್ಬದ ಮೇಲಿನ ಚಿತ್ರ ನೋಡಿಕೊಂಡು ಹಾಗೇ ಜೋಡಿಸಿ ಬಣ್ಣ ಬಳಿಯುವವರನ್ನು ಕಂಡರೆ ಅವರಿಗೆ ತಾತ್ಸಾರ. "ಇಡ್ಲಿ ಮಿಕ್ಸ್ ಕಲಸಿಟ್ಟು ನಂಗೆ ಅಡುಗೆ ಬರುತ್ತೆ ಅಂದ ಹಾಗೆ," ಅನ್ನುತ್ತಿದ್ದರು. ಇವರು ಬೊಂಬೆಯ ತಲೆ ಕುಯ್ಯುತ್ತಿದ್ದರು, ಕೈ ಮುರಿಯುತ್ತಿದ್ದರು, ಸೊಂಟ ತಿರುಗಿಸುತ್ತಿದ್ದರು. ಮುರಿದ ಕಡೆ ತಂತಿ ತೂರಿಸಿ, ಒಣಗಿದರೆ ಕಲ್ಲಾಗುವ ಎರಡು ಬಗೆಯ ಪುಟ್ಟಿ ಲೇಪವನ್ನು ನಾದಿ ಮೆತ್ತಿ, ಬೇರೆಯೇ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಇಂಜೆಕ್ಷನ್ ಸೂಜಿಯ ತುದಿ ಕತ್ತರಿಸಿ ಹಸಿ ಪುಟ್ಟಿಯ ಮೇಲೆ ಒತ್ತಿ ಒತ್ತಿ ಕಬ್ಬಿಣದ ಅಂಗಿಯ ಒಂದೊಂದು ಉಂಗುರವನ್ನೂ ಮೂಡಿಸುತ್ತಿದ್ದರು. ನಿಲುವಂಗಿಗೆ ಶುದ್ಧ ಬಿಳಿ ಹಚ್ಚಿದ್ದನ್ನು ನಾನು ಕಾಣೆ. ಮೊದಲು ಬೂದು, ಆಮೇಲೆ ಮಾಸಿದ ಹಾಲಿನ ಬಣ್ಣ, ಮಡಿಕೆಗಳಿಗೆ ಕಂದು, ಅಂಚಿಗೆ ಕೆಸರು. "ಅವನು ತಿಂಗಳುಗಟ್ಟಲೆ ಕುದುರೆ ಮೇಲಿದ್ದವನು. ಸೋಪಿನ ಜಾಹೀರಾತಿಗೆ ನಿಂತಿಲ್ಲ," ಎನ್ನುತ್ತಿದ್ದರು. ಪೀಠದ ನೆಲಕ್ಕೆ ಫ್ಯಾಕ್ಟರಿಯ ಕಸದ ಟೀಪುಡಿ ಉದುರಿಸಿ ಅಂಟಿಸುತ್ತಿದ್ದರು. ನೋಡಿದರೆ ಮಣ್ಣೇ.

ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುವ ಅಭ್ಯಾಸ. ಶಿಲುಬೆ ಬರೆಯುವ ದಿನಗಳಲ್ಲಿ ಕೆಳತುಟಿಯ ಮೇಲೆ ಕೆಂಪು ಬೊಟ್ಟು ಒಣಗಿರುತ್ತಿತ್ತು. ಅದೇ ಬಾಯಲ್ಲಿ ಬಂದು ನಮ್ಮನ್ನು ಬೈಯುತ್ತಿದ್ದರು. ಗಾಜಿನ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಗೀರಿದ್ದರೂ ಕೇಸನ್ನು ವಾಪಸು ತಂದು ಬಡಿಯುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ, "ನಮ್ಮ ರಾಮನೋ ಕೃಷ್ಣನೋ ಮಾಡಬಾರದಾ ಸಾರ್? ಯಾರೋ ಊರಿನ ಯಾರೋ ಸಿಪಾಯಿ," ಎಂದೆ.

ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ ಪಟಗಳ ಕಡೆ ಗಲ್ಲ ಎತ್ತಿ ತೋರಿಸಿ, "ಇದರಲ್ಲಿ ಯಾರಿಗಾದ್ರೂ ಒಂದು ಗಾಯ ಆಗಿದೆಯಾ ನೋಡು. ಅದಕ್ಕೇ ಮಾಡಲ್ಲ," ಎಂದರು.

ಆ ಹೊತ್ತಿಗೆ ಅಂಗಡಿಯಲ್ಲಿ ನೀಲಗಿರಿಯ ಬಡಗ ಜನಾಂಗದ, ಸೋಲೂರಿನ ಹೆಂಗಸೊಬ್ಬಳಿದ್ದಳು. ಮೊಮ್ಮಗನ ನಾಮಕರಣದ ಫೋಟೋಗೆ ಕಟ್ಟು ಹಾಕಿಸಲು ಬಸ್ಸಿನಲ್ಲಿ ಬಂದವಳು. ತವರು ಕೂನೂರು ಕಡೆ. ಅವರು ಆಚೆ ಹೋಗುವುದನ್ನೇ ಕಾದು, "ಎನ್ನ ಅಪ್ಪನ ಲೀಫ ಮಣ್ಣಿಗೆ ಸುರಿಸಿದವ ಇವನೇ ಅಕ್ಕಾ," ಎಂದಳು. ಎಲೆ ಒರಟಾಯಿತೆಂದು ಮೂಟೆಗಟ್ಟಲೆ ಟೀ ಎಲೆಯನ್ನು ಫ್ಯಾಕ್ಟರಿ ಬಾಗಿಲಲ್ಲೇ ನೆಲಕ್ಕೆ ಸುರಿಸಿ, ಎಲ್ಲರೆದುರು ಅವಳಪ್ಪನ ಕೈಯಿಂದಲೇ ಗುಡಿಸಿ ಎತ್ತಿಸಿದ್ದರಂತೆ. "ಎಲೆ ಒರಟೇ ಇದ್ದುತು, ಅದ ಸುಳ್ಳು ಹೇಳೆ. ಆದ್ರೆ ಗುಡಿಸು ಅನ್ನಬಾರ್ದಿತ್ತು."

ಒಂದು ದೊಡ್ಡ ಕೇಸನ್ನು ಕೂರಿಸಿಕೊಡಲು ಅಣ್ಣ ಫರ್ನ್‌ಹಿಲ್ ಕಡೆ ಇದ್ದ ಅವರ ಮನೆಗೆ ಹೋಗಬೇಕಾಗಿ ಬಂತು. ಒಂಟಿ ಮನೆ, ಒಬ್ಬಳೇ ಮಗಳು ಕೊಯಮತ್ತೂರಿನಲ್ಲಿ. ಅಣ್ಣ ಹೊತ್ತು ಮೀರಿ ಬಂದ. ಕೈಕಾಲು ತೊಳೆದು ಊಟಕ್ಕೆ ಕೂತವನು ತುತ್ತು ಎತ್ತದೆ, "ಮಫ್ಲರು ತೆಗಿ ಅಂದ್ರು. ತೆಗೆದ್ಬುಟ್ಟೆ," ಎಂದ.

ನನಗೆ ನಂಬಲಿಕ್ಕಾಗಲಿಲ್ಲ. ಮನೆಯಲ್ಲಿ ನನ್ನೆದುರು ಬಿಟ್ಟರೆ ಎಲ್ಲೂ ತೆಗೆದವನಲ್ಲ. "ಯಾಕಣ್ಣ ತೆಗೆದೆ?"

"ಭೂತಗನ್ನಡಿ ಹಿಡ್ಕೊಂಡು ನೋಡುದ್ರು. ಎಷ್ಟೊತ್ತು ನೋಡುದ್ರು ಅಂತೀಯೆ. ಒಂದ್ಸಲನೂ 'ಅಯ್ಯೋ' ಅನ್ನಲಿಲ್ಲ ಕನವ್ವ."

ಅಣ್ಣ ಇದನ್ನು ಏನೋ ಸಿಕ್ಕಿದವನ ಹಾಗೆ ಮುಖ ಅರಳಿಸಿಕೊಂಡು ಹೇಳಿದ. ಕಂಡವರೆಲ್ಲ ಅಯ್ಯೋ ಅಂದಿದ್ದರು. ನೆಂಟರು ಅಂದಿದ್ದರು, ಹೆಣ್ಣು ಕೊಡಲು ಬಂದವರು ಅಂದು ಎದ್ದು ಹೋಗಿದ್ದರು. ಹೆತ್ತ ತಾಯಿಯೂ ಸಾಯುವ ತನಕ ಅನ್ನುತ್ತಲೇ ಇದ್ದಳು. ಈ ಮನುಷ್ಯ ಅನ್ನಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅಣ್ಣ ಅಲ್ಲಿಗೆ ಹೋಗತೊಡಗಿದ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತಿರುವುದು, ಅಷ್ಟೇ ಕೆಲಸ. ಅವರು ಪುಟ್ಟಿಯಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ತಲೆ ಮಾಡುತ್ತಿದ್ದರು.

ಡಬ್ಬದ ನೈಟ್ ಎಳೆಯ ಪ್ರಾಯದವನಂತೆ. ನುಣುಪು ಕೆನ್ನೆ, ಎತ್ತಿದ ಕತ್ತಿ. ಅವರು ಅವನ ತಲೆ ಕುಯ್ದೆಸೆದರು. ಎತ್ತಿದ ಕೈಯನ್ನು ಭುಜದಲ್ಲೇ ಕತ್ತರಿಸಿ ಕೆಳಗಿಳಿಸಿದರು. ಕಬ್ಬಿಣದ ಟೋಪಿಯನ್ನು ಒಳಗಿಂದ ಕೊರೆದು ಟೊಳ್ಳು ಮಾಡಿ ಕಂಕುಳಿಗೆ ಸಿಕ್ಕಿಸಿದರು. ಮುಖ ಕಾಣಬೇಕಲ್ಲ! ಅಣ್ಣ ಪ್ರತಿ ವಾರ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ಗಾಯಕ್ಕೆ ಕೆಂಪು ಹಚ್ಚುವುದಿಲ್ಲವಂತೆ. ಹಳೆ ಗಾಯ ಸುತ್ತಲಿನ ಚರ್ಮಕ್ಕಿಂತ ಬೆಳ್ಳಗಿದ್ದು ಸ್ವಲ್ಪ ಹೊಳೆಯುತ್ತದಂತೆ. ರೆಪ್ಪೆಯನ್ನು ಸೂಜಿಯ ಮೊನೆಯಿಂದ ಎಳೆದು ಎಳೆದು ಮಾಡಿದರಂತೆ, ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಅಳಿಸಿ ಮಾಡಿದರಂತೆ. ಅಣ್ಣನ ಗಂಟಲಲ್ಲಿ ಅಷ್ಟು ಉತ್ಸಾಹ ಕೇಳಿ ವರ್ಷಗಳೇ ಆಗಿದ್ದವು. ನಾನು ಹೂಂಗುಟ್ಟುತ್ತಿದ್ದೆ. ಒಳಗೆ ಮಾತ್ರ ನನಗೆ ಹಿಡಿಸಿರಲಿಲ್ಲ. ಕಟುಕನ ಅಂಗಡಿಯಲ್ಲೂ ಕುರಿಯನ್ನು ಯಾರೂ ಅಯ್ಯೋ ಅಂತ ನೋಡುವುದಿಲ್ಲ.

"ಫೋಟೋನೂ ತೆಗೆದ್ರು," ಎಂದ ಒಂದು ದಿನ. "ಹತ್ರದಿಂದ. ನಾನಿಲ್ದಾಗ ನೋಡ್ಕೊಂಡು ಮಾಡಕ್ಕೆ."

"ಯಾರಿಗಾದರೂ ತೋರಿಸಿದರೆ?"

"ಇಲ್ಲ ಕನ. ಕೇಳ್ದೆ. ಬೊಂಬೆನೂ ಸೈ ಫೋಟೋನೂ ಸೈ, ಈ ಕೋಣೆ ದಾಟಲ್ಲ ಅಂತ ಅಂದವ್ರೆ."

ಮೇ ತಿಂಗಳ ಸೀಸನ್ ಬಂತು. ಫ್ಲವರ್ ಶೋ ನೋಡಲು ಊರು ತುಂಬ ಜನ. ಇಂಥ ಬೊಂಬೆ ಮಾಡುವ ಹವ್ಯಾಸದವರು ಬೆಂಗಳೂರು, ಚೆನ್ನೈ, ಕೊಯಮತ್ತೂರಿನಿಂದ ಬಂದು ಒಂದು ಹಾಲ್ ಬಾಡಿಗೆಗೆ ಹಿಡಿದು ಪ್ರದರ್ಶನ ಇಟ್ಟಿದ್ದರು. ನಮಗೆ ಗೊತ್ತೇ ಇರಲಿಲ್ಲ. ಮೊಮ್ಮಕ್ಕಳನ್ನು ಹೂವು ತೋರಿಸಲು ಕರೆತಂದಿದ್ದ ಅದೇ ಸೋಲೂರಿನ ಹೆಂಗಸು ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಅಣ್ಣ ಹಿಂದೆ ಇದ್ದಾನೆಂದು ಸನ್ನೆ ಮಾಡಿ ನನ್ನನ್ನು ಬೀದಿಗೆ ಕರೆದು, "ಅಕ್ಕಾ, ನಿನ್ನಣ್ಣನ ಮೊಕದ ಪಟ ಆ ಹಾಲ್‌ನಲ್ಲಿ ಇಟ್ಟುದ್ದಾರೆ. ಜನ ನಿಂತು ನೋಡುತ್ತಾರೆ," ಎಂದಳು. ಹಿಂದಿನ ಕೋಣೆಯ ಬಾಗಿಲಲ್ಲಿ ಮಫ್ಲರಿನ ಮೇಲೆ ಎಂದೋ ಕಂಡಿದ್ದ ಆ ಕಣ್ಣಿನಿಂದ ಗುರುತು ಹಿಡಿದಿದ್ದಳು.

ಹವಾಯಿ ಚಪ್ಪಲಿಯಲ್ಲೇ ಓಡಿದೆ. ಹಾಲಿನ ನಡುವೆ ಒಂದು ಮೇಜಿನ ಸುತ್ತ ಗುಂಪು. ತೂರಿಕೊಂಡು ಮುಂದೆ ಹೋದೆ. ಆ ಬೊಂಬೆಯನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ನಾನೂ ಅವರಂತೆಯೇ ನನಗೆ ಬೇಕಾದ್ದನ್ನಷ್ಟೇ ನೋಡಿದವಳಾಗುತ್ತೇನೆ. ಮಾಸಿದ ನಿಲುವಂಗಿಯ ಒಬ್ಬ ಸುಸ್ತಾದ ಮನುಷ್ಯ, ಕಂಕುಳಲ್ಲಿ ಟೋಪಿ, ಕೆಳಗಿಳಿದ ಕತ್ತಿ, ಅದರ ಮೇಲೆ ನನ್ನ ಅಣ್ಣನ ಮುಖ. ಅಣ್ಣ ಏನಾದರೂ ಕೇಳಿಸಿಕೊಳ್ಳುವಾಗ ತಲೆಯನ್ನು ಬಲಕ್ಕೆ ವಾಲಿಸುತ್ತಾನೆ, ಅದೂ ಇತ್ತು.

ಅದರ ಪಕ್ಕದಲ್ಲಿ ಕಪ್ಪು ರಟ್ಟಿನ ಮೇಲೆ ಅಣ್ಣನ ಫೋಟೋ. ಬೊಂಬೆಗಿಂತ ಎಷ್ಟೋ ದೊಡ್ಡದು. ಹೊಲಿಗೆಯ ಒಂದೊಂದು ಗುರುತೂ ಕಾಣುವ ಹಾಗೆ. ಕೆಳಗೆ ಇಂಗ್ಲಿಷಿನಲ್ಲಿ, ಮೂಲ ಇದು, ಮಸಿನಗುಡಿಯಲ್ಲಿ ಕರಡಿ ದಾಳಿಗೆ ಸಿಕ್ಕಿದವನು ಎಂದು ಬರೆದಿತ್ತು. ಜನ ಬೊಂಬೆಯನ್ನೊಮ್ಮೆ ಫೋಟೋವನ್ನೊಮ್ಮೆ ನೋಡುತ್ತಿದ್ದರು. ಮೊಬೈಲಿನಲ್ಲಿ ಎರಡನ್ನೂ ಹಿಡಿಯುತ್ತಿದ್ದರು. ಒಬ್ಬಳು ಬಾಯಿಯ ಮೇಲೆ ಕೈಯಿಟ್ಟು 'ಅಯ್ಯೋ' ಎಂದಳು.

ನಾನು ರಟ್ಟಿಗೆ ಕೈಹಾಕಿದೆ.

"ಏಯ್, ಮುಟ್ಟಬೇಡಮ್ಮ! ಗಮ್ ಇನ್ನೂ ಒಣಗಿಲ್ಲ," ಎಂದು ಕೂಗಿಕೊಂಡು ಅವರು ಬಂದರು. ಆ ಹೊತ್ತಿನಲ್ಲಿ ಅವರಿಗೆ ತೋಚಿದ್ದು ಗಮ್ಮು.

"ಈ ಕೋಣೆ ದಾಟಲ್ಲ ಅಂದಿದ್ರಲ್ಲ ಸಾರ್?"

"ಈ ಲೆವೆಲ್‌ಗೆ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ," ಎಂದರು, ಒಂಚೂರೂ ಅಳುಕಿಲ್ಲದೆ. "ಫೋಟೋ ಇಡದಿದ್ರೆ ಜನ ಇದನ್ನ ನನ್ನ ಕಲ್ಪನೆ ಅಂದ್ಕೋತಾರೆ. ಎಷ್ಟು ನಿಖರವಾಗಿದೆ ಅಂತ ಗೊತ್ತಾಗಬೇಡ್ವೇ?"

"ಅದು ನನ್ನ ಅಣ್ಣನ ಮುಖ."

"ಫೋಟೋ ತೆಗೆದಿದ್ದು ನಾನು."

ನಾನು ರಟ್ಟನ್ನು ಕಿತ್ತು ಎದೆಗವಚಿಕೊಂಡು ಬಂದೆ. ಸೀರೆಯ ಸೆರಗಿಗೆಲ್ಲ ಗಮ್ ಅಂಟಿತು. ಹಿಂದಿನಿಂದ ಅವರು ಸುತ್ತಲಿನವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಕೆಲವರು ನಕ್ಕರು.

ಫೋಟೋ ತಂದರೇನು, ಅಷ್ಟರಲ್ಲಿ ಅದು ಫೋನಿನಿಂದ ಫೋನಿಗೆ ಹೋಗಿತ್ತು. ಮಾರನೆಯ ದಿನದಿಂದ ಅಂಗಡಿಗೆ ಜನ ಬರತೊಡಗಿದರು. ಒಂದು ಫ್ರೇಮಿನ ಅಳತೆ ಕೇಳುವ ನೆಪ, ಕಣ್ಣು ಹಿಂದಿನ ಕೋಣೆಯ ಕಡೆ. ಸೀಸನ್ನಿಗೆ ಬಂದಿದ್ದ ಕಾಲೇಜಿನ ಹುಡುಗಿಯರ ಗುಂಪೊಂದು ನೇರವಾಗಿಯೇ, "ಅಕ್ಕಾ, ಆ ನೈಟ್ ಇಲ್ಲೇ ಇರೋದಾ? ಒಂದು ಸೆಲ್ಫಿ," ಎಂದಿತು. ನಾನು ಬಾಯಿಗೆ ಬಂದದ್ದು ಅನ್ನುವುದರೊಳಗೆ ಅಣ್ಣ ಆಚೆ ಬಂದ. ಮಫ್ಲರು ಬಿಚ್ಚಿದ, ಗೋಡೆಯ ಮೊಳೆಗೆ ಸಿಕ್ಕಿಸಿದ. ಕೌಂಟರಿನ ಹತ್ತಿರ ನಿಂತು, "ಏನು ಬೇಕಿತ್ತು?" ಎಂದ. ಹುಡುಗಿಯರು ಫೋನು ಕೆಳಗಿಳಿಸಿ ತೆಪ್ಪಗೆ ಹೋದರು.

ಅಂದಿನಿಂದ ಅಣ್ಣ ಮಫ್ಲರು ಮುಟ್ಟಲಿಲ್ಲ. ಬೀದಿಯವರಿಗೆಲ್ಲ ಖುಷಿ. "ನೋಡು, ಕೆಟ್ಟದ್ದರಲ್ಲೂ ಒಳ್ಳೇದಾಯ್ತು," ಎಂದು ಬಂದು ಬಂದು ನನಗೆ ಹೇಳಿದರು. ಆ ಜನಕ್ಕೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅಂದು ಮನೆಗೆ ಬಂದು, "ಇನ್ನೇನಿದ್ದದು ಮುಚ್ಚಾಕೆ," ಎಂದು ಗೋಡೆಗೆ ಮುಖ ಮಾಡಿ ಮಲಗಿದವನನ್ನು ನಾನು ನೋಡಿದ್ದೆ. ಭಾನುವಾರಗಳ ಆ ಗಂಟಲು ಮತ್ತೆ ಕೇಳಿಸಲಿಲ್ಲ. ಮುಖ ತೆರೆದು ಕೂರಲು ಹೊರಗೆ ಇದ್ದ ಒಂದೇ ಮನೆಯೂ ಅವನಿಗೆ ಇಲ್ಲವಾಗಿತ್ತು.

ಪ್ರದರ್ಶನ ಮುಗಿದ ಮೇಲೆ ಅವರು ಬಂದರು. ನೈಟ್‌ಗೆ ಬಹುಮಾನ ಬಂದಿತ್ತು, ಅದಕ್ಕೊಂದು ಹೊಸ ಕೇಸು ಬೇಕು. ಎಂದಿನಂತೆ ಹಲಗೆ ಎತ್ತಲು ಹೋದರು. ಅಣ್ಣ ಒಳಗಿನಿಂದ ಹಲಗೆಯ ಮೇಲೆ ಕೈಯಿಟ್ಟ.

"ನೀವು ನನ್ನ ಕೇಳಬೇಕಿತ್ತು ಸಾರ್."

ಅವರು ಅಣ್ಣನನ್ನು ದಿಟ್ಟಿಸಿದರು. "ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಅಣ್ಣ ಹಲಗೆಯ ಮೇಲಿನ ಕೈ ತೆಗೆಯಲಿಲ್ಲ. "ಕೇಸು ಮಾಡಿಕೊಡಕ್ಕಾಗಕಿಲ್ಲ ಸಾರ್. ಬ್ಯಾರೆ ಕಡೆ ನೋಡಿ," ಎಂದ.

ಅವರು ನನ್ನ ಕಡೆ ತಿರುಗಿದರು. "ನೋಡಮ್ಮ, ಇವನು ತಲೆ ಎತ್ತಿ ನಿಂತಿದ್ದಾನಲ್ಲ, ಇದು ಯಾರಿಂದ? ವರ್ಷಗಟ್ಟಲೆ ನೀವೆಲ್ಲ ಸೇರ್ಕೊಂಡು ಇವನನ್ನ ಮುಚ್ಚಿಟ್ರಿ. ನಾನು ಇವನ ಮುಖಾನ ಇವನಿಗೆ ವಾಪಸ್ ಕೊಟ್ಟೆ."

"ಕದ್ದ ಮಾಲು ಸಾರ್ ಅದು. ವಾಪಸ್ ಕೊಟ್ಟೆ ಅನ್ನಬೇಡಿ," ಎಂದೆ. ನನ್ನ ಗಂಟಲು ಬೀದಿಗೆ ಕೇಳಿಸುವಷ್ಟು ಏರಿತ್ತು.

"ಬುಡವ್ವ," ಎಂದ ಅಣ್ಣ. "ಮಾತು ಯಾಕೆ."

ಅವರು ಹೋದರು. ಊರ ತುಂಬ ಅದನ್ನೇ ಹೇಳಿಕೊಂಡು ತಿರುಗಿದರೆಂದು ಆಮೇಲೆ ಕೇಳಿದೆ: ಒಬ್ಬ ಮೂಲೆಗೆ ಬಿದ್ದವನನ್ನು ಎತ್ತಿ ನಿಲ್ಲಿಸಿದೆ, ಅವನ ತಂಗಿ ಮಾತ್ರ ಜಗಳಗಂಟಿ. ಅದು ನಿಜವೆಂದೇ ಅವರು ನಂಬಿದ್ದರು. ಸುಳ್ಳು ಹೇಳುತ್ತಿದ್ದಾರೆಂದು ಅನ್ನಿಸಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೇನೋ.

ಕೆಲವು ವರ್ಷಗಳಲ್ಲಿ ಅವರ ಕೈ ನಡುಗತೊಡಗಿತು. ಕುಂಚ ಹಿಡಿಯಲು ಆಗುತ್ತಿಲ್ಲವೆಂದು, ಬೊಂಬೆಗಳನ್ನೆಲ್ಲ ಚೆನ್ನೈಯ ಯಾರೋ ಸಂಗ್ರಹಕಾರರಿಗೆ ಒಟ್ಟಿಗೆ ಕೊಟ್ಟುಬಿಟ್ಟರೆಂದು ಸುದ್ದಿ ಬಂತು. ಆ ನೈಟ್ ಕೂಡ ಹೋಯಿತು. ಅಣ್ಣನ ಮುಖ ಈಗ ಯಾರದೋ ಮನೆಯ ಕಪಾಟಿನಲ್ಲಿದೆ. ಯಾವ ಬೀದಿ, ಯಾವ ಮನೆ, ನಮಗೆ ಗೊತ್ತಿಲ್ಲ. ಕೊಡುವ ಮೊದಲು ಒಮ್ಮೆಯೂ ಅವರು ಹೇಳಿಕಳಿಸಲಿಲ್ಲ. ಮಾರ್ಕೆಟ್ಟಿನಲ್ಲಿ ಅವರನ್ನು ಒಂದು ಸಲ ಕಂಡೆ. ಕ್ಯಾರೆಟ್ ಆರಿಸುತ್ತಿದ್ದರು. ಚೀಲದ ಬಾಯಿಗೆ ಹಾಕಲಾಗದೆ ಒಂದೊಂದೇ ಕೆಳಗೆ ಬೀಳುತ್ತಿತ್ತು. ಅಂಗಡಿಯವನು ಎತ್ತಿಕೊಡುತ್ತಿದ್ದ. ಅವನಿಗೂ ಬೈಯುತ್ತಿದ್ದರು. ನನಗೆ ಪಾಪ ಅನ್ನಿಸಲಿಲ್ಲ. ಪಕ್ಕದ ಅಂಗಡಿಯಲ್ಲಿ ಬೀನ್ಸ್ ತೂಗಿಸಿಕೊಂಡು ಮನೆಗೆ ಬಂದೆ.

ಹೋದ ಚಳಿಗಾಲದಲ್ಲಿ ಸತ್ತರು. ಅಣ್ಣ ಸ್ಮಶಾನಕ್ಕೆ ಹೋಗಿಬಂದ, ನಾನು ಹೋಗಲಿಲ್ಲ. ಅದಾದ ಮೇಲೆ ಒಂದು ಮಧ್ಯಾಹ್ನ ಅವರ ಮಗಳು ಅಂಗಡಿಗೆ ಬಂದಳು. ವೈಕುಂಠ ಸಮಾರಾಧನೆಗೆ ಇಡಲು ದೊಡ್ಡ ಫೋಟೋ ಬೇಕು, ಊಟಿಯಲ್ಲಿ ಕಟ್ಟು ಹಾಕುವ ಒಳ್ಳೆಯ ಕೆಲಸಗಾರ ಯಾರೆಂದು ವಿಚಾರಿಸಿಕೊಂಡು ಬಂದಿದ್ದಳು. ನಮ್ಮ ಕಥೆ ಅವಳಿಗೆ ಏನೂ ತಿಳಿದಂತಿರಲಿಲ್ಲ. ಅಪ್ಪನಿಗೂ ಅವಳಿಗೂ ಮಾತುಕತೆ ಅಷ್ಟಕ್ಕಷ್ಟೇ ಇತ್ತೆಂದು ಕೇಳಿದ್ದೆ. ಅಣ್ಣನ ಮುಖ ನೋಡಿ ಒಂದು ಕ್ಷಣ ತಡವರಿಸಿದಳು, ಆಮೇಲೆ ಫೋನು ತೆಗೆದು ತೋರಿಸಿದಳು.

"ಇತ್ತೀಚಿನದು ಅಂತ ಇರೋದು ಇದೊಂದೇ. ನಾನೇ ಬಾಗಿಲ ಹತ್ರ ನಿಂತು ತೆಗೆದಿದ್ದು. ಅವರಿಗೆ ಗೊತ್ತಿರಲಿಲ್ಲ."

ನಾನೂ ಬಗ್ಗಿ ನೋಡಿದೆ. ಕೆಲಸದ ಮೇಜಿನ ಮುಂದೆ ತೂತುಬಿದ್ದ ಬನಿಯನ್ನಿನಲ್ಲಿ ಕೂತಿದ್ದರು. ಕೂದಲು ಕೆದರಿತ್ತು, ಗಡ್ಡ ಬೆಳೆದಿತ್ತು. ಎರಡೂ ಕೈಯಲ್ಲಿ ಕುಂಚ ಹಿಡಿದು ತುಟಿಗೆ ತಾಗಿಸಲು ಹೋಗಿ ತಪ್ಪಿ, ಕೆನ್ನೆಯ ಮೇಲೆ ಬಣ್ಣ ಗೀರಿತ್ತು. ಬಾಯಿ ಅರ್ಧ ತೆರೆದಿತ್ತು. ಆ ಮನುಷ್ಯ ಸೋತದ್ದನ್ನು ನಾನು ನೋಡಿದ್ದು ಅದೊಂದರಲ್ಲೇ.

ಅಣ್ಣ ಫೋನನ್ನು ತುಂಬ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ, "ಇದ ಎಲ್ಲರೂ ನೋಡೋ ಹಂಗೆ ಇಡಕ್ಕೆ ಅವ್ರು ಒಪ್ತಿದ್ರಾ ಮೇಡಂ?" ಎಂದ.

"ಅಪ್ಪನಾ?" ಅವಳಿಗೆ ಆ ದುಃಖದಲ್ಲೂ ನಗು ಬಂತು. "ಇದನ್ನ ತೆಗೆದಿದ್ದು ಗೊತ್ತಾಗಿದ್ರೆ ನನ್ನನ್ನ ಮನೆಗೇ ಸೇರಿಸ್ತಿರಲಿಲ್ಲ."

"ಹಂಗಾದ್ರೆ ಬ್ಯಾಡಿ," ಎಂದು ಅಣ್ಣ ಫೋನು ವಾಪಸು ಕೊಟ್ಟ. "ಅವರಾಗೇ ನಿಂತು ತೆಗೆಸ್ಕಂಡಿರದು ಯಾವುದಾರ ಇದ್ರೆ ತನ್ನಿ. ಹಳೇದಾದ್ರೂ ಆಯ್ತದೆ."

ಮಾರನೆಯ ದಿನ ಅವಳು ತಂದದ್ದು ಫ್ಯಾಕ್ಟರಿ ದಿನಗಳ ಫೋಟೋ. ಕೋಟು, ಟೈ, ಎತ್ತಿದ ಗಲ್ಲ, ಯಾರನ್ನೋ ಈಗಷ್ಟೇ ಬೈದು ಬಂದ ಕಣ್ಣು. ಅಣ್ಣ ಅದಕ್ಕೆ ತೇಗದ ಕಟ್ಟು ಆರಿಸಿದ. ಗಾಜನ್ನು ಎರಡೂ ಕಡೆ ಒರೆಸಿ ಬೆಳಕಿಗೆ ಹಿಡಿದು ನೋಡಿದ, ಮತ್ತೆ ಒರೆಸಿದ. ದೊಡ್ಡ ಗಾಜಾದ್ದರಿಂದ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದ. ನಾನು ಕೂತಲ್ಲಿಂದ ಏಳಲಿಲ್ಲ. ಒಬ್ಬನೇ ಹಿಡಿದು ಕೂರಿಸಿಕೊಂಡ.

ನಾನಾಗಿದ್ದರೆ ಬನಿಯನ್ನಿನ ಫೋಟೋವನ್ನೇ ಇನ್ನೂ ದೊಡ್ಡದು ಮಾಡಿಸಿ ಕಟ್ಟಿಕೊಡುತ್ತಿದ್ದೆ.